ದತ್ತೋಪಂತರ ಜಲರೇಖೆ

ಸೂರ್ಯಾಸ್ತವೆಂಬುದು ಸಾರ್ವಜನಿಕ ಸೊತ್ತು ಎಂದು ತಿಳಿದವರು ದತ್ತೋಪಂತರನ್ನು ಕಂಡಿಲ್ಲ. ಧಾರವಾಡದ ಅಂಚಿಗಿರುವ ಗೌಳಿಕೆರೆಯ ಆಚೆ ದಿನಾಲೂ ಮುಳುಗುವ ಸೂರ್ಯ ತಮ್ಮ ಮಹಡಿ ಕೋಣೆಯ ಪಶ್ಚಿಮದ ಕಿಟಕಿಗೆಂದೇ ಮಂಜೂರಾದದ್ದು ಎಂಬುದು ಅವರ ಖಚಿತ ಅಭಿಪ್ರಾಯ. ಆ ಮಂಜೂರಾತಿಗೆ ಈಗ ಧಕ್ಕೆ ಬಂದಿತ್ತು. ಕೆರೆಯ ಆಚೆ ದಂಡೆಯ ಏರಿನ ಮೇಲೆ ಮನೆಯಿದ್ದ ಇಸ್ತಿಯಾಕ ಮಾಳಿಗೆ ಕಟ್ಟುವವನಿದ್ದ.

ಇಸ್ತಿಯಾಕನದು ಕ್ರೇನಿನ ಧಂಧೆ. ಅಮರಗೋಳದ ಮಾರುಕಟ್ಟೆ ದಾರಿಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ಎತ್ತಿ ತಂದು ರಿಪೇರಿಗೆ ಒಪ್ಪಿಸುವವನು. ಅವನ ಮಗಳು ನಿಶಾತ ಪರೀಕ್ಷೆಗೆ ಓದುವ ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಆ ಹುಡುಗಿಯರು ಕೂತು ಓದಲಿಕ್ಕೆ ಒಂದು ಹಾಲ್ ಬೇಕು, ಅದಕ್ಕೇ ಮಾಳಿಗೆ. ಇಡೀ ಓಣಿಗೆ ಇದು ಒಳ್ಳೆಯ ಕೆಲಸವಾಗಿ ಕಂಡಿತ್ತು. ದತ್ತೋಪಂತರಿಗೆ ಮಾತ್ರ, ಆ ಮಾಳಿಗೆ ಎದ್ದ ದಿನದಿಂದ ತಮ್ಮ ಸೂರ್ಯ ಚಹಾ ಆರುವ ಮೊದಲೇ ಮುಳುಗಬೇಕಾಗುತ್ತದೆ ಎಂಬುದು ಕಾಣುತ್ತಿತ್ತು. ಆದರೆ 'ನನ್ನ ಸೂರ್ಯನಿಗೆ ಅಡ್ಡ ಬರಬೇಡ' ಎಂದು ಹೇಳಲಿಕ್ಕೆ ಬರುತ್ತದೆಯೇ? ಸಾರ್ವಜನಿಕ ಹಿತವೊಂದು ಬೇಕಿತ್ತು.

ಒಂದು ಮುಂಜಾನೆ ಅದು ಪೇಪರಿನಲ್ಲಿಯೇ ಬಂತು. ಈಚಿನ ವರ್ಷಗಳಲ್ಲಿ ಮಳೆ ಒಮ್ಮೆಲೇ ಸುರಿದು ಕೆರೆಗಳ ಸುತ್ತಲಿನ ಮನೆಗಳಿಗೆ ನೀರು ನುಗ್ಗುತ್ತಿರುವ ಕಾರಣ, ಕೆರೆ ದಂಡೆಯಲ್ಲಿ ಮನೆ ಕಟ್ಟುವ ನಿಯಮಗಳನ್ನು ಪರಿಷ್ಕರಿಸಲಾಗುವುದು. ನಾಗರಿಕರು ಸಲಹೆ ಕೊಡಬಹುದು.

ದತ್ತೋಪಂತರ ಮೈ ಜುಮ್ಮೆಂದಿತು. ಇಡೀ ನೌಕರಿಯನ್ನು ಅವರು ಒಂದು ಸರಕಾರಿ ಕಚೇರಿಯಲ್ಲಿ ಕರಡು ಬರೆಯುತ್ತಲೇ ಕಳೆದವರು. ನಿವೃತ್ತರಾದ ಮೇಲೆ ಆ ಪ್ರತಿಭೆ ಮೇವಿಲ್ಲದೆ ಸೊರಗಿತ್ತು. ಗೌಳಿಕೆರೆ ನಿವಾಸಿಗಳ ಹಿತರಕ್ಷಣಾ ಸಂಘವನ್ನು ಸ್ಥಾಪಿಸಿ, ಅದಕ್ಕೆ ತಾವೇ ಅಧ್ಯಕ್ಷರಾಗಿ, ಮಹಡಿ ಕೋಣೆಗೆ ಬೋರ್ಡು ಹಾಕಿದ್ದರಾದರೂ, ಸಂಘ ಇಲ್ಲಿಯವರೆಗೆ ರಕ್ಷಿಸಿದ್ದು ಬೋರ್ಡನ್ನು ಮಾತ್ರ. (ಅದನ್ನೂ ಪ್ರತಿ ದಸರೆಗೆ ಒರೆಸುತ್ತಿದ್ದವರು ಹೆಂಡತಿ.)

"ಏನು ಇಷ್ಟ ಖುಷಿ?" ಎಂದು ಚಹಾ ತಂದ ಮಂದಾಕಿನಿಬಾಯಿ ಕೇಳಿದರು. ಗಂಡ ಪೇಪರ್ ನೋಡಿ ನಕ್ಕದ್ದು ಅವರಿಗೆ ಸರಿ ಕಾಣಲಿಲ್ಲ.

"ಸರಕಾರ ನನ್ನ ಸಲಹಾ ಕೇಳ್ಯದ."

"ನಿಮ್ಮ ಹೆಸರು ಹಿಡದ ಕೇಳ್ಯದೇನು?"

"ನಾಗರಿಕರು ಅಂದದ. ನಾ ನಾಗರಿಕ ಅಲ್ಲೇನು?"

ಮಂದಾಕಿನಿಬಾಯಿ ಸುದ್ದಿಯನ್ನು ನಿಂತಲ್ಲೇ ಓದಿದರು. ಅವರ ಮುಖ ಗಂಭೀರವಾಯಿತು. ಅದಕ್ಕೆ ಕಾರಣವಿತ್ತು. ಅವರ ಅಡುಗೆಮನೆ ಕೆಳಗೆ, ನಡುಮನೆಯ ಹಿಂದೆ ಎರಡು ಮೆಟ್ಟಿಲು ತಗ್ಗಿನಲ್ಲಿ, ಕಿಟಕಿಯಿಲ್ಲದ ಒಂದು ಗವಿ. ಮದುವೆಯಾಗಿ ಬಂದಾಗಿನಿಂದ ಅಲ್ಲಿ ಹಗಲಿಗೂ ದೀಪ ಬೇಕು. ಕರೆಂಟು ಹೋದಾಗ ಸಾಸಿವೆ ಯಾವುದು, ಶಾವಿಗೆ ಯಾವುದು ಎಂಬುದನ್ನು ಅವರು ಡಬ್ಬಿ ಅಲುಗಿಸಿ, ಸಪ್ಪಳದ ಮೇಲೆ ತಿಳಿಯುತ್ತಿದ್ದರು. ಆ ಗವಿಯನ್ನು ಹಿತ್ತಲಕ್ಕೆ ಬೆಳೆಸಿ, ಕೆರೆಯ ಕಡೆ ಒಂದು ದೊಡ್ಡ ಕಿಟಕಿ ಇಡಿಸಿಕೊಡುವುದಾಗಿ ದತ್ತೋಪಂತರು ಪ್ರತಿ ಯುಗಾದಿಗೆ ಮಾತು ಕೊಡುತ್ತ ಬಂದಿದ್ದರು. ಈ ವರ್ಷ ಎಂದೂ ಇಲ್ಲದ ಹಾಗೆ ಆ ಮಾತು ಮುಂದೆ ಹೋಗಿತ್ತು: ಮೇಸ್ತ್ರಿ ಮಹಾದೇವಪ್ಪ ಬಂದು ಹಿತ್ತಲದಲ್ಲಿ ಸುಣ್ಣದ ಗೆರೆ ಎಳೆದಿದ್ದ; ನಕ್ಷೆ ಪಾಲಿಕೆಗೆ ಹೋಗಿ ಪರವಾನಗಿಗೆ ಕಾದು ಕೂತಿತ್ತು.

"ಹೊಸಾ ನಿಯಮದಾಗ ನನ್ನ ಅಡಗಿಮನಿಗೆ ಏನೂ ಆಗೂದಿಲ್ಲಲ್ಲ?"

"ನಿಯಮ ಬರಿಯಾವನ ಮನಿಗೆ ನಿಯಮದಿಂದ ಏನಾಗ್ತದ?"

"ಹೋದ ಮಳಿಗಾಲದಾಗ ಅಡಗಿಮನಿಗೆ ಕಪ್ಪಿ ಬಂದಿತ್ತು. ನೆಂಪದ ಏನು?"

"ಕಪ್ಪಿಗೆ ನಿಯಮ ಅನ್ವಯ ಆಗೂದಿಲ್ಲ," ಎಂದು ದತ್ತೋಪಂತರು ಮಹಡಿ ಹತ್ತಿದರು.

ಅಂದಿನಿಂದ ಮಹಡಿ ಕೋಣೆ ಶಾಸನಸಭೆಯಾಯಿತು. ಊಟಕ್ಕೆ ಕರೆದರೆ "ಕರಡು ನಡದದ", ಸಂತೆಗೆ ಕರೆದರೆ "ಕರಡು ನಡದದ". ಏನು ಬರೆಯುತ್ತಿದ್ದೀರಿ ಎಂದರೆ, ಅಂತಿಮವಾಗುವವರೆಗೆ ಗೋಪ್ಯ. ನಡುಮನೆಯ ತೂಗುಮಂಚದ ಮೇಲೆ ಕೂತ ಅವರ ತಾಯಿ ಕಾಶೀಬಾಯಿಗೂ ಹೇಳಲಿಲ್ಲ. ಮುದುಕಿ ತೂಗಿಕೊಳ್ಳುತ್ತಲೇ, "ಸಣ್ಣಾವ ಇದ್ದಾಗೂ ಹಿಂಗ. ಪಾಟಿ ಮುಚ್ಚಿ ಮುಚ್ಚಿ ಬರೀತಿದ್ದ. ಒರಿಸಿ ನೋಡಿದ್ರ ಏನೂ ಇರ್ತಿದ್ದಿಲ್ಲ," ಎಂದರು.

ಈ ಸಲ ಹಾಗಿರಲಿಲ್ಲ. ಕರಡಿನಲ್ಲಿ ಬಹಳ ಇತ್ತು. ಅದರ ಬೆನ್ನೆಲುಬು ಗಂಗವ್ವನ ಕಲ್ಲು.

ಗಂಗವ್ವನ ಕಲ್ಲೆಂದರೆ ಆಚೆ ದಂಡೆಯ ಹುಣಸೆ ಮರದ ಬುಡಕ್ಕಿದ್ದ ಒಂದು ಕರಿಕಲ್ಲು. ಶ್ರಾವಣದಲ್ಲಿ ಕೆರೆ ತುಂಬಿ ನೀರು ಆ ಕಲ್ಲಿನ ಪಾದ ಮುಟ್ಟಿದಾಗ ಸುತ್ತಲಿನ ಹೆಣ್ಣುಮಕ್ಕಳು ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಗಂಗವ್ವನಿಗೆ ಉಡಿ ತುಂಬುವುದು ಹಿಂದಿನಿಂದ ಬಂದ ಪದ್ಧತಿ. ಕೆರೆಗೆ ಈಚೆಗೆ ಹೂಳು ತುಂಬಿ ನೀರು ಹಿಂದೆ ಸರಿದಿದ್ದರೂ ಪದ್ಧತಿ ಸರಿದಿರಲಿಲ್ಲ. ಆ ಹುಣಸೆಯ ಮೇಲ್ಭಾಗದಲ್ಲೇ ಇಸ್ತಿಯಾಕನ ಜಾಗ ಶುರುವಾಗುತ್ತದೆ. ದತ್ತೋಪಂತರು ಕಿಟಕಿಯಿಂದ ದಿಟ್ಟಿಸಿದರು. ಮರದ ನೆರಳಿನಲ್ಲಿ ಕಲ್ಲು ಕರ್ರಗೆ, ದುಂಡಗೆ, ನಿಶ್ಚಲವಾಗಿ ಕೂತಿತ್ತು. (ಡಾಕ್ಟರು ದೂರದ ಚಸ್ಮಾ ಬರೆದುಕೊಟ್ಟು ಬಹಳ ದಿನವಾಗಿತ್ತು. 'ದೂರದ್ದು ನನಗ ಕಣ್ಣು ಮುಚ್ಚಿದ್ರೂ ಕಾಣ್ತದ' ಎಂದು ದತ್ತೋಪಂತರು ಮಾಡಿಸಿಕೊಂಡಿರಲಿಲ್ಲ.) ಅವರು ಬರೆದರು:

'ಕೆರೆಯ ಅಂಚನ್ನು ಈಗ ಕಾಣುವ ನೀರಿನಿಂದ ನಿರ್ಧರಿಸತಕ್ಕದ್ದಲ್ಲ. ಪೂರ್ವಿಕರು ನೆಟ್ಟ ಗಂಗವ್ವನ ಕಲ್ಲಿನ ಪ್ರಕಾರವೇ ನಿರ್ಧರಿಸತಕ್ಕದ್ದು. ಸದರಿ ಶಿಲೆಯು ಶತಮಾನಗಳಿಂದ ಒಂದಂಗುಲವೂ ಕದಲಿರುವುದಿಲ್ಲ. ಸದರಿ ರೇಖೆಗೆ ಒಳಪಟ್ಟ ಸ್ಥಳದಲ್ಲಿ ಹೊಸ ಗೋಡೆ, ಹೊಸ ಕೋಣೆ, ಹೊಸ ಮಾಳಿಗೆಯನ್ನು ಕಟ್ಟತಕ್ಕದ್ದಲ್ಲ.'

'ಹೊಸ ಮಾಳಿಗೆ' ಎಂಬುದರ ಕೆಳಗೆ ಗೆರೆ ಎಳೆಯಬೇಕೆಂಬ ಆಸೆಯನ್ನು ಕಷ್ಟಪಟ್ಟು ತಡೆದರು. ಅಲ್ಲಿಗೇ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಪೆನ್ನು ಓಡುತ್ತಿತ್ತು. ಇಸ್ತಿಯಾಕ ಮನೆಯ ಮುಂದಿನ ಶೆಡ್ಡಿನಲ್ಲಿ ಇಂಜಿನ್ನು, ಎಣ್ಣೆ ಡಬ್ಬಿ ಇಡುತ್ತಾನಲ್ಲವೇ? ಅದಕ್ಕೂ ಒಂದು ಇರಲಿ:

'ರೇಖೆಗೆ ಒಳಪಟ್ಟ ಮನೆಗಳಲ್ಲಿ ಒಲೆ, ಧಾನ್ಯ, ಎಣ್ಣೆ, ಕರೆಂಟಿನ ಮೀಟರು ಮೊದಲಾದ ಜೀವನಾವಶ್ಯಕ ವಸ್ತುಗಳನ್ನು ಇದ್ದ ಕಟ್ಟಡದಲ್ಲಿಯೇ ರೇಖೆಯ ಮಟ್ಟಕ್ಕಿಂತ ಮೇಲಿನ ಕೋಣೆಗೆ ತಪ್ಪದೇ ಸಾಗಿಸತಕ್ಕದ್ದು. ನೆನೆದು ಹಾಳಾದರೂ ಯಾರಿಗೂ ನಷ್ಟವಿಲ್ಲದ ವಸ್ತುಗಳನ್ನು ಮಾತ್ರ ಕೆಳಗೆ ಇಡಬಹುದು.'

ಕೊನೆಯ ವಾಕ್ಯವನ್ನು ಅವರು ಗಟ್ಟಿಯಾಗಿ ಓದಿಕೊಂಡರು. ಇಡೀ ನೌಕರಿಯಲ್ಲಿ ಇಷ್ಟು ಬಿಗಿಯಾದ ವಾಕ್ಯ ತಮ್ಮಿಂದ ಹೊರಬಿದ್ದಿರಲಿಲ್ಲವೆಂದು ಅನಿಸಿತು.

ಅಹವಾಲು ಸಭೆ ಒಂದು ಸಾಲೆಯ ಹಾಲಿನಲ್ಲಿ ನಡೆಯಿತು. ದತ್ತೋಪಂತರು ಗರಗದ ಖಾದಿಯ ಹೊಸ ಜುಬ್ಬಾ ಹಾಕಿಕೊಂಡು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಸರದಿ ಬಂದಾಗ ಎದ್ದರು. ವೇದಿಕೆಯ ಮೇಲೆ ಧನಶ್ರೀ ಎಂಬ ಪಾಲಿಕೆಯ ತರುಣಿ ಇಂಜಿನಿಯರು ಕೂತಿದ್ದಳು. ಬೇರೆಯವರೆಲ್ಲ ಗಟಾರ, ಸೊಳ್ಳೆ, ಬೀದಿ ದೀಪ ಎಂದು ಸಂಬಂಧವಿಲ್ಲದ ಗೋಳು ಹೇಳಿಕೊಂಡಿದ್ದರಿಂದ ಅವಳ ಮುಖ ಬಾಡಿತ್ತು. ದತ್ತೋಪಂತರು ಗಂಗವ್ವನ ಕಲ್ಲಿನ ಹೆಸರೆತ್ತಿದೊಡನೆ ಅವಳು ನೆಟ್ಟಗೆ ಕೂತಳು.

"ಕೆರಿ ತನ್ನ ಅಂಚು ಎಲ್ಲಿ ಅಂತ ತಾನ ಹೇಳೂದಿಲ್ಲ," ಎಂದು ದತ್ತೋಪಂತರು ಕೈ ಎತ್ತಿ ಹೇಳಿದರು. "ನಮ್ಮ ಹೆಣ್ಣುಮಕ್ಕಳ ಉಡಿ ಹೇಳ್ತದ. ಆ ಕಲ್ಲು ನಾ ದಿನಾಲೂ ನನ್ನ ಖೋಲಿಯಿಂದ, ಈ ಎರಡು ಕಣ್ಣಿಲೇ ನೋಡ್ತೇನಿ. ಕದಲಿಲ್ಲ. ಕದಲೂದೂ ಇಲ್ಲ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಇಸ್ತಿಯಾಕ. ಹೊರಗೆ ಬಂದು ದತ್ತೋಪಂತರ ಕೈ ಹಿಡಿದುಕೊಂಡ.

"ಕಾಕಾ, ಭಾಳ ದೊಡ್ಡ ಮನಸ್ಸು ನಿಮ್ದು. ಇಷ್ಟು ಯಾರು ಬಿಟ್ಟುಕೊಡ್ತಾರ್ರಿ ಈಗಿನ ಕಾಲದಾಗ?"

ಬಿಟ್ಟುಕೊಡುವವನು ನೀನಲ್ಲವೇ ಎಂದುಕೊಂಡ ದತ್ತೋಪಂತರಿಗೆ ಅವನ ಮೇಲೆ ಒಂದಿಷ್ಟು ಮರುಕವೂ ಹುಟ್ಟಿತು. ಪಾಪ, ಪೂರ್ತಿ ತಿಳಿದಿಲ್ಲ. "ಸಾರ್ವಜನಿಕ ಕೆಲಸದಾಗ ತ್ಯಾಗ ಇರೂದ," ಎಂದು ಅವನ ಬೆನ್ನು ತಟ್ಟಿದರು. ಧನಶ್ರೀ ಬಂದು, "ಸರ್, ನಾಳೆ ಮುಂಜಾನೆ ಕಲ್ಲು ತೋರಸ್ತೀರೇನ್ರಿ? ಅಳತಿ ಸಾಮಾನು ತರ್ತೇನಿ," ಎಂದಾಗಲಂತೂ ಅವರು ಆಟೋ ಬಿಟ್ಟು ನಡೆದೇ ಮನೆಗೆ ಹೋದರು. ಅಂಥ ಮನಃಸ್ಥಿತಿಯಲ್ಲಿ ಆಟೋದೊಳಗೆ ಬಗ್ಗಿ ಕೂಡಲಿಕ್ಕೆ ಆಗುವುದಿಲ್ಲ.

ಮರುದಿನ ಕೆರೆಯ ಏರಿಯ ಮೇಲೆ ಮೆರವಣಿಗೆ ಹೊರಟಿತು. ಮುಂದೆ ಕೊಡೆಯನ್ನು ದಂಡದಂತೆ ಹಿಡಿದ ದತ್ತೋಪಂತರು. ಹಿಂದೆ ಧನಶ್ರೀ, ಮೂರು ಕಾಲಿನ ದುರ್ಬೀನು ಮತ್ತು ಉದ್ದನೆಯ ಅಳತೆಕೋಲು ಹೊತ್ತ ಇಬ್ಬರು ಸಿಬ್ಬಂದಿ, ಇಸ್ತಿಯಾಕ, ಮತ್ತು ಕೆಲಸವಿಲ್ಲದ ಒಂದಷ್ಟು ಮಂದಿ.

"ಅಕಾ, ನೋಡ್ರಿ," ಎಂದು ದತ್ತೋಪಂತರು ದೂರದಿಂದಲೇ ಕೊಡೆ ಚಾಚಿದರು. "ಹುಣಸಿ ಗಿಡದ ಬುಡಕ್ಕ. ಕರ್ರಗ. ಎಷ್ಟು ಮಳಿ, ಎಷ್ಟು ಬಿಸಲು ಕಂಡದ. ಹೆಂಗ ಕೂತದ ನೋಡ್ರಿ, ಋಷಿಗತೆ."

ಋಷಿ ಕಿವಿ ಅಲುಗಿಸಿತು.

ದತ್ತೋಪಂತರು ನಿಂತರು. ಮೆರವಣಿಗೆ ನಿಂತಿತು. ಶತಮಾನಗಳಿಂದ ಕದಲದ ಶಿಲೆ ಬಾಲದಿಂದ ಒಂದು ನೊಣ ಹೊಡೆದು, ಮುಂಗಾಲು ಮಡಚಿ ಎದ್ದು, ಅಧ್ಯಕ್ಷರನ್ನು ಯಾವ ಕುತೂಹಲವೂ ಇಲ್ಲದೆ ನೋಡಿ, ನಿಧಾನಕ್ಕೆ ನೀರಿನೊಳಗೆ ಇಳಿದುಹೋಯಿತು.

"ನಮ್ಮ ಕಸ್ತೂರಿ ರೀ ಅದು," ಎಂದು ಮರದ ಆಚೆಯಿಂದ ಗೌಳಿ ಬೀರಪ್ಪ ಹೇಳಿದ. "ದಿನಾ ಇಲ್ಲೇ ಮಲಗ್ತೈತಿ. ನೆಳ್ಳು ಛಲೋ ಐತಿ ನೋಡ್ರಿ."

ಧನಶ್ರೀ ನಗಲಿಲ್ಲ. ಅದಕ್ಕಾಗಿ ಅವಳು ತುಟಿಯನ್ನು ಬಹಳ ಗಟ್ಟಿಯಾಗಿ ಕಚ್ಚಿಕೊಳ್ಳಬೇಕಾಯಿತು. "ಹಂಗಾರ ಕಲ್ಲು ಎಲ್ಲದ, ಸರ್?" ಎಂದಳು.

ದತ್ತೋಪಂತರು ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಕಲ್ಲಿರಲಿಲ್ಲ. "ಕಳವಾಗ್ಯದ," ಎಂದು ಘೋಷಿಸಿದರು. "ಇದು ಪುರಾತತ್ವದ ಕಳವು. ಈಗಿಂದೀಗ ಪೊಲೀಸರಿಗೆ ತಿಳಿಸಬೇಕು."

"ಕಳವೇನು ಬಂತು ಕಾಕಾ?" ಎಂದು ಇಸ್ತಿಯಾಕ ಗಾಬರಿಯಾದ. "ಅದು ನಿಮ್ಮ ಹಿತ್ತಲದಾಗ ಐತಲ್ರಿ. ನಾನ ಕ್ರೇನಿನ್ಯಾಗ ತಂದು ಇಟ್ಟೇನಿ. ನೀವು ನೋಡಿಲ್ಲೇನು?"

ನೋಡಿರಲಿಲ್ಲ. ದತ್ತೋಪಂತರು ಹಿತ್ತಲಕ್ಕೆ ಹೋಗುತ್ತಿರಲಿಲ್ಲ. ಅಲ್ಲಿ ಬಟ್ಟೆ ಒಗೆಯುವುದು, ಪಾತ್ರೆ ಬೆಳಗುವುದು ಇಂಥ ಅಧ್ಯಕ್ಷರ ವ್ಯಾಪ್ತಿಗೆ ಬಾರದ ಕೆಲಸಗಳು ನಡೆಯುತ್ತಿದ್ದವು. ಅವರ ಕಿಟಕಿಯ ಸರಿಯಾಗಿ ಕೆಳಗೇ ಹಿತ್ತಲವಿತ್ತಾದರೂ, ಗೋಡೆಗೆ ಹಚ್ಚಿದ ತಗಡಿನ ಚಪ್ಪರ ಅದಕ್ಕೆ ಅಡ್ಡವಿತ್ತು. ಮೇಲಾಗಿ ದತ್ತೋಪಂತರು ದೂರದೃಷ್ಟಿಯ ಮನುಷ್ಯ.

ಮೆರವಣಿಗೆ ತಿರುಗಿ ಕೆರೆಯನ್ನು ಸುತ್ತಿ ಅವರ ಮನೆಗೆ ಬಂತು. ಹಿತ್ತಲದ ಬಾಗಿಲ ಅಗುಳಿ ಯಾವ ಕಡೆ ಎಳೆಯಬೇಕೆಂಬುದು ಮನೆಯ ಯಜಮಾನರಿಗೆ ತಿಳಿಯಲಿಲ್ಲ. ಇಸ್ತಿಯಾಕನೇ ಮುಂದೆ ಬಂದು ತೆಗೆದ. ಅಲ್ಲಿ, ಮೇಸ್ತ್ರಿ ಮಹಾದೇವಪ್ಪ ಎಳೆದ ಸುಣ್ಣದ ಗೆರೆಯ ಮಗ್ಗುಲಿಗೇ, ಗಂಗವ್ವನ ಕಲ್ಲು ಕೂತಿತ್ತು. ಅದರ ನೆತ್ತಿಯ ಮೇಲೆ ಬಿಸಿಲಿಗಿಟ್ಟ ಉಪ್ಪಿನಕಾಯಿ ಭರಣಿ. ಮಗ್ಗುಲಿಗೆ ಮಣೆ ಹಾಕಿಕೊಂಡು ಕೂತ ಕಾಶೀಬಾಯಿ ಕಾಗೆ ಓಡಿಸುತ್ತಿದ್ದರು.

"ಅವ್ವಾ, ಈ ಕಲ್ಲು ಇಲ್ಲಿ ಹೆಂಗ ಬಂತು?"

"ನನ್ನ ಮೊಳಕಾಲ ಹೋದ್ವಲ್ಲೋ. ಆ ದಂಡಿತನಾ ಉಡಿ ತುಂಬಲಿಕ್ಕೆ ನಡಿಲಿಕ್ಕೆ ಆಗವಲ್ದು ಅಂದೆ. ನೀ ಪೆನ್ಶನ್‌ದವರ ಜೋಡಿ ರಾಮೇಶ್ವರಕ್ಕ ಹೋಗಿದ್ದಿ. ಇಸ್ತಿಯಾಕ ಪಾಪ, ಗಂಗವ್ವನ್ನ ಇಲ್ಲೇ ಕರಕೊಂಡು ಬಂದ. ಈಗ ಓಣಿ ಹೆಣ್ಣಮಕ್ಕಳೆಲ್ಲಾ ಇಲ್ಲೇ ಬರ್ತಾರ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ದೆ. ನೀ ಪೇಪರ್ ಓದಲಿಕತ್ತಿದ್ದಿ. 'ಹೂಂ' ಅಂದಿ."

"ಎರಡ ಸಲ ಅಂದ್ರಿ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತ ಮಂದಾಕಿನಿಬಾಯಿ ಸೇರಿಸಿದರು. ಅವರ ಕಣ್ಣು ದುರ್ಬೀನಿನ ಮೇಲಿತ್ತು. "ಇವರೆಲ್ಲಾ ಯಾಕ ಬಂದಾರ?"

ಧನಶ್ರೀ ಕರಡನ್ನು ತೆಗೆದು, ಗಂಗವ್ವನ ಕಲ್ಲಿನ ಭಾಗವನ್ನು ಓದಿ ಹೇಳಿದಳು. ಮಂದಾಕಿನಿಬಾಯಿ ಪೂರ್ತಿ ಕೇಳಿದರು. ಆಮೇಲೆ ಕಲ್ಲು ನೋಡಿದರು, ಸುಣ್ಣದ ಗೆರೆ ನೋಡಿದರು, ಕೊನೆಗೆ ಗಂಡನನ್ನು ನೋಡಿದರು.

"ಅಂದ್ರ ಇಲ್ಲೆ ಹೊಸಾ ಗೋಡಿ ಕಟ್ಟಂಗಿಲ್ಲ."

"ಈ ಕಲ್ಲಿನ ಪ್ರಕಾರ ಆದ್ರ ಇಲ್ಲ್ರಿ, ಕಾಕು," ಎಂದಳು ಧನಶ್ರೀ.

"ಅಡಗಿಮನೀನೂ ಇಲ್ಲ."

"ಇಲ್ಲ್ರಿ."

"ಇದನ್ನ ಇವರ ಬರದಾರ?"

"ಹೌದ್ರಿ. ಕೆಳಗ ಸಹಿ ಅದ."

ಮಂದಾಕಿನಿಬಾಯಿ ಮಾತಾಡಲಿಲ್ಲ. ದತ್ತೋಪಂತರಿಗೆ ಮಾತಿನ ಮಂದಾಕಿನಿ ಅಭ್ಯಾಸವಾಗಿದ್ದಳು. ಮೌನದ ಮಂದಾಕಿನಿಯನ್ನು ಎದುರಿಸುವ ತರಬೇತಿ ಅವರಿಗೆ ಯಾವ ಕಚೇರಿಯಲ್ಲೂ ಸಿಕ್ಕಿರಲಿಲ್ಲ. ಅವರು ಕೊಡೆಯನ್ನು ನೆಲಕ್ಕೆ ಕುಟ್ಟಿ, "ಇದು ಅಸಿಂಧು," ಎಂದರು. "ಇದು ಸ್ಥಾನಪಲ್ಲಟಗೊಂಡ ಶಿಲಾ. ಇದರ ಮ್ಯಾಲ ಅಳೀಲಿಕ್ಕೆ ಬರೂದಿಲ್ಲ. ಮೂಲಸ್ಥಾನದಿಂದ ಅಳೀಬೇಕು."

"ನೀವು ಕದಲಿಲ್ಲ ಅಂತ ಬರದೀರಿ, ಸರ್."

"ಬರಿಯೂ ಮುಂದ ನನಗ ಎಮ್ಮಿ ಅಡ್ಡ ಬಂದಿತ್ತು," ಎಂದು ದತ್ತೋಪಂತರು ಬದುಕಿನಲ್ಲಿ ಮೊದಲ ಸಲ ಷರಾ ಇಲ್ಲದೆ ಒಪ್ಪಿಕೊಂಡರು. "ಸಾಕ್ಷಿದಾರ ಇಲ್ಲೇ ಅದಾನ. ಇಸ್ತಿಯಾಕ, ಹೇಳಪಾ, ಮೊದಲ ಎಲ್ಲಿತ್ತು? ಖರೇ ಹೇಳು. ದೇವರ ಕಲ್ಲದು."

"ಸುಳ್ಳ ಯಾಕ ಹೇಳ್ಲಿ ಕಾಕಾ? ಹುಣಸಿ ಬೇರಿನ ನಡುವ ಇತ್ತು. ತಗ್ಗು ಇನ್ನೂ ಐತಿ, ಅರಿಷಿಣದ ಕಲೀನೂ ಐತಿ. ಬರ್ರಿ, ತೋರಸ್ತೇನಿ."

ಮೆರವಣಿಗೆ ಮೂರನೆಯ ಸಲ ಕೆರೆ ಸುತ್ತಿತು. ಬಿಸಿಲೇರಿತ್ತು, ಕೆಲಸವಿಲ್ಲದವರಿಗೂ ಕೆಲಸ ನೆನಪಾಗಿ ಅರ್ಧ ಮಂದಿ ಕಳಚಿಕೊಂಡಿದ್ದರು. ದತ್ತೋಪಂತರು ಮಾತ್ರ ಹುರುಪಿನಲ್ಲಿದ್ದರು. ಒಂದೇ ಏಟಿಗೆ ಅಡುಗೆಮನೆ ಉಳಿಯಿತು, ಮಾಳಿಗೆ ಬಿತ್ತು. ಅದೂ ಇಸ್ತಿಯಾಕನ ಬಾಯಿಂದಲೇ. ಬೇರುಗಳ ನಡುವೆ ಅವನು ತೋರಿಸಿದ ತಗ್ಗಿನ ಹತ್ತಿರ ಧನಶ್ರೀ ದುರ್ಬೀನು ಹೂಡಿ, ಮೊದಲು ಇಸ್ತಿಯಾಕನ ಮನೆಯ ಕಡೆ ತಿರುಗಿಸಿದಳು.

"ಇವರ ಹೊಸ್ತಿಲಾ ಎಷ್ಟೋ ಮ್ಯಾಲದ. ಶೆಡ್ಡೂ ಮ್ಯಾಲದ. ಇವರಿಗೆ ಏನೂ ತೊಂದ್ರಿ ಇಲ್ಲ."

"ಅದ್ಹೆಂಗ?" ಎಂದು ದತ್ತೋಪಂತರು ಕೆರಳಿದರು. "ಕಲ್ಲು ಇವರ ದಂಡಿಗೆ ಅದಲ್ಲ?"

"ಕಲ್ಲು ಒಂದ ದಂಡಿಗೆ ಅದ ಸರ್, ನೀರು ಎಲ್ಲಾ ದಂಡಿಗೂ ಇರ್ತದಲ್ಲ. ಇಲ್ಲೆ ಈ ತಗ್ಗಿನ ಮಟ್ಟಕ್ಕ ಬಂತು ಅಂದ್ರ ಆ ಕಡೇನೂ ಇಷ್ಟ ಮಟ್ಟಕ್ಕ ಬಂದಿರ್ತದ. ಇದು ಏರು, ಅದು ಇಳಿಜಾರು. ನೋಡೂಣಂತ, ತಡೀರಿ."

ಅವಳು ದುರ್ಬೀನನ್ನು ಕೆರೆಯ ಮೇಲಿಂದ ಈಚೆ ದಂಡೆಗೆ ತಿರುಗಿಸಿದಳು. ಅಲ್ಲಿ ದತ್ತೋಪಂತರ ಮನೆಯ ಗೋಡೆಗೆ ಸಿಬ್ಬಂದಿಯೊಬ್ಬ ಅಳತೆಕೋಲು ಹಿಡಿದು ನಿಂತಿದ್ದ. ಅವಳು ಕೈ ಎತ್ತಿದಂತೆ ಅವನ ಕೈಯೂ ಕೋಲಿನ ಮೇಲೆ ಮೇಲೆ ಏರಿತು. ಏರುತ್ತಲೇ ಹೋಯಿತು.

"ನೀವ ನೋಡ್ರಿ, ಸರ್."

ದತ್ತೋಪಂತರು ಕಣ್ಣಿಟ್ಟರು. ಎಷ್ಟೋ ವರ್ಷಗಳ ಮೇಲೆ ದೂರದ್ದೊಂದು ಅವರಿಗೆ ಸ್ಪಷ್ಟವಾಗಿ ಕಂಡಿತು. ತಮ್ಮ ಮನೆ. ಗೋಡೆ. ಹಿತ್ತಲದ ಬಾಗಿಲ ಹೊಸ್ತಿಲನ್ನೂ, ಅಡುಗೆಮನೆಯ ಗೋಡೆಯ ಅರ್ಧವನ್ನೂ ದಾಟಿ ನಿಂತ ಒಂದು ಕೈ. ಆ ಕೈಯ ಮಗ್ಗುಲಿಗೆ, ಸೊಂಟದ ಮೇಲೆ ಕೈ ಇಟ್ಟುಕೊಂಡು, ನೇರವಾಗಿ ದುರ್ಬೀನಿನೊಳಕ್ಕೇ ನೋಡುತ್ತಿದ್ದ ಮಂದಾಕಿನಿಬಾಯಿ. ಅವರ ಹುಬ್ಬಿನ ಗಂಟು ಸಹ ಎಣಿಸುವಷ್ಟು ಹತ್ತಿರ ಕಂಡಿತು. ದತ್ತೋಪಂತರು ತಟ್ಟನೆ ಹಿಂದೆ ಸರಿದರು.

ಸಂಜೆಯ ಹೊತ್ತಿಗೆ ಮನೆಯ ಹೊರಗೋಡೆಗೂ, ಒಳಗೆ ನಡುಮನೆಗೂ ಕೆಂಪು ಬಣ್ಣದ ಗೆರೆ ಬಿದ್ದಿತ್ತು. ನಡುಮನೆಯಲ್ಲಿ ಅದು ಸರಿಯಾಗಿ ತೂಗುಮಂಚದ ಹಲಗೆಯ ಮಟ್ಟಕ್ಕೆ ಹಾದುಹೋಗಿತ್ತು. ಕಾಶೀಬಾಯಿಗೆ ಆಶ್ಚರ್ಯವೇ ಆಗಲಿಲ್ಲ.

"ನಿಮ್ಮಪ್ಪ ಈ ಜಾಗ ಹಿಡದಾಗ ಮಂದಿ ನಕ್ಕಿದ್ರು. ಕೆರ್ಯಾಗ ಮನಿ ಕಟ್ತಾರ ಅಂತ. ಅದಕ್ಕ ಸೋವಿ ಸಿಕ್ಕಿತ್ತು," ಎಂದು ಗೆರೆಯ ಮೇಲೊಮ್ಮೆ ಕೆಳಗೊಮ್ಮೆ ತೂಗಿಕೊಂಡರು. "ಕಲ್ಲು ಇನ್ನ ಆ ಕಡೆ ಒಯ್ಯೂದು ಬ್ಯಾಡ. ಗಂಗವ್ವ ಹೆಂಗಿದ್ರೂ ಇಲ್ಲಿತನಾ ಬರಾಕಿ."

ಆಮೇಲೆ ಮನೆಯಲ್ಲಿ ಬರೀ ಅನ್ನ-ಸಾರಿನ ಕಾಲ ಬಂತು. ಮಂದಾಕಿನಿಬಾಯಿ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ. ಮೇಸ್ತ್ರಿ ಮಹಾದೇವಪ್ಪ ಬಂದು ಸುಣ್ಣದ ಗೆರೆಯನ್ನು ಕಾಲಿಂದ ಒರೆಸಿಹೋದ. ಅದನ್ನು ಮಂದಾಕಿನಿಬಾಯಿ ಬಾಗಿ‍ಲಲ್ಲಿ ನಿಂತು ನೋಡಿದ್ದನ್ನು ದತ್ತೋಪಂತರು ನೋಡಿದರು. ಅಂದು ಅವರಿಗೆ ನಿಜವಾಗಿಯೂ ಊಟ ರುಚಿಸಲಿಲ್ಲ. ಕಿಟಕಿಯಲ್ಲಿ ಕೂತರೆ ಆಚೆ ದಂಡೆಯಲ್ಲಿ ಮಾಳಿಗೆ ಇಟ್ಟಂಗಿ ಇಟ್ಟಂಗಿಯಾಗಿ ಏರುತ್ತಿತ್ತು.

ಹೊಸ ನಿಯಮ ಪ್ರಕಟವಾದ ದಿನ ಅವರ ದುಃಖಕ್ಕೊಂದು ಸಮಾಧಾನ ಸಿಕ್ಕಿತು: ಅದರ ಬಹುಭಾಗ ಅಕ್ಷರಶಃ ಅವರ ಕರಡೇ. ಪೇಪರನ್ನು ನಡುಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಬಿಟ್ಟು ಮೇಲೆ ಹೋದರು. ಮಂದಾಕಿನಿಬಾಯಿ ಅದನ್ನು ಓದಿದರು. ಒಂದು ಕಡೆ ನಿಂತು ಮತ್ತೊಮ್ಮೆ ಓದಿದರು. ಆಮೇಲೆ ಎಷ್ಟೋ ದಿನಗಳ ಮೇಲೆ ಅವರ ದನಿ ಮಹಡಿಗೆ ಕೇಳಿಸಿತು.

"ಏನ್ರಿ, ಭಾಳ ಛಲೋ ಬರದೀರಿ."

ದತ್ತೋಪಂತರ ಕಣ್ಣು ತುಂಬಿಬಂತು. "ಯಾವ ಭಾಗ?" ಎಂದು ಮೆಟ್ಟಿಲ ತನಕ ಓಡಿಬಂದರು.

"ಒಲಿ, ಧಾನ್ಯ ಎಲ್ಲಾ ಗೆರಿಗಿಂತ ಮ್ಯಾಲಿನ ಖೋಲಿಗೆ ತಪ್ಪದ ಸಾಗಿಸಬೇಕು ಅಂತ ಬರದೀರಲ್ಲ, ಅದು. ನಮ್ಮ ಮನ್ಯಾಗ ಗೆರಿಗಿಂತ ಮ್ಯಾಲ ಎಷ್ಟು ಖೋಲಿ ಅದಾವ?"

ದತ್ತೋಪಂತರು ತಾವು ನಿಂತ ಕೋಣೆಯನ್ನು ತಿರುಗಿ ನೋಡಿದರು. ಒಂದೇ ಇತ್ತು.

"ಮಂದಾ, ಇದು ಸಂಘದ ಕಾರ್ಯಾಲಯ."

"ಕಾರ್ಯಾಲಯದ್ದು ಏನೂ ಬರದಿಲ್ಲ ನೀವು. ಒಲಿದ ಬರದೀರಿ."

"ಅವ್ವಗ ಮ್ಯಾಲ ಹತ್ತಲಿಕ್ಕೆ ಆಗೂದಿಲ್ಲ."

"ನನಗ ಊಟಾ ಬುಟ್ಟ್ಯಾಗ ಇಳಿಸಿದ್ರ ಸಾಕಪಾ," ಎಂದು ಕಾಶೀಬಾಯಿ ತೂಗುಮಂಚದಿಂದಲೇ ಮತ ಚಲಾಯಿಸಿದರು.

ಮರುದಿನ ಇಸ್ತಿಯಾಕನ ಕ್ರೇನು ಬಂತು. ಒಲೆ, ಹಿಟ್ಟಿನ ಡಬ್ಬಿ, ಜೋಳದ ಕಣಜ, ರುಬ್ಬುವ ಕಲ್ಲು ಎಲ್ಲವೂ ಕೆರೆಯ ಗಾಳಿಯಲ್ಲಿ ತೂಗಾಡುತ್ತ ಪಶ್ಚಿಮದ ದೊಡ್ಡ ಕಿಟಕಿಯೊಳಗೆ ಹೋದವು. ಅದೇ ಕಿಟಕಿಯಿಂದ ದತ್ತೋಪಂತರ ಟೇಬಲ್ಲು, ಖುರ್ಚಿ, ಫೈಲಿನ ಕಪಾಟು ಮತ್ತು ಬೋರ್ಡು ಇಳಿದು ಬಂದು, ಗೆರೆಯ ಕೆಳಗಿನ ಹಳೆಯ ಅಡುಗೆಮನೆಯಲ್ಲಿ ಸ್ಥಾಪಿತವಾದವು. ಇಸ್ತಿಯಾಕ ಬಾಡಿಗೆ ಮುಟ್ಟಲಿಲ್ಲ. "ಕಾಕಾ ಊರಿಗೆ ಇಷ್ಟು ಮಾಡ್ಯಾರ," ಎಂದ. ನಿಶಾತಳ ಮಾಳಿಗೆಗೆ ಸ್ಲ್ಯಾಬ್ ಬಿದ್ದ ದಿನ ಮಂದಾಕಿನಿಬಾಯಿ ಹೊಸ ಅಡುಗೆಮನೆಯಲ್ಲಿ ಕರಿಗಡಬು ಮಾಡಿ ಆಚೆ ದಂಡೆಗೂ ಕಳಿಸಿದರು. ಸೂರ್ಯ ಆ ಮಾಳಿಗೆಯ ಹಿಂದೆ ಸ್ವಲ್ಪ ಮೊದಲೇ ಮುಳುಗುತ್ತಿದ್ದನಂತೆ. ಆದರೇನು, ಓದುವ ಹುಡುಗಿಯರ ಕಿಟಕಿಯ ದೀಪಗಳು ನೀರಿನಲ್ಲಿ ಬಹಳ ಚೆಂದ ಕಾಣುತ್ತವೆ ಎಂದು ಅವರು ಹೇಳುತ್ತಿದ್ದರು. ದತ್ತೋಪಂತರಿಗೆ ಅದನ್ನು ಪರಿಶೀಲಿಸುವ ಅವಕಾಶವಿರಲಿಲ್ಲ. ಅವರಿಗೆ ಹಗಲಿಗೂ ದೀಪ ಬೇಕಿತ್ತು.

ಮಳೆಗಾಲದ ಮೊದಲು ಧನಶ್ರೀ ನಿಯಮ ಪಾಲನೆಯ ತಪಾಸಣೆಗೆ ಬಂದಳು. ಹಳೆಯ ಅಡುಗೆಮನೆಯ ಕತ್ತಲಲ್ಲಿ ಟೇಬಲ್ಲಿನ ಹಿಂದೆ ಕೂತಿದ್ದ ದತ್ತೋಪಂತರಿಗೆ ನಮಸ್ಕಾರ ಮಾಡಿ, ಗೋಡೆಯ ಗೆರೆ ನೋಡಿದಳು. ಅದು ಸರಿಯಾಗಿ ಅವರ ಕುತ್ತಿಗೆಯ ಮಟ್ಟಕ್ಕಿತ್ತು. ಆಗ ಮೇಲಿಂದ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಎರಡು ಕಪ್ ಚಹಾ ಇಳಿದು ಬಂತು. ಒಂದು ಧನಶ್ರೀಗೆ, ಒಂದು ಕಾಶೀಬಾಯಿಗೆ.

ಧನಶ್ರೀ ಕತ್ತೆತ್ತಿ ಕೂಗಿ ಕೇಳಿದಳು, "ಕಾಕು, ಗೆರಿ ಕೆಳಗ ಜೀವನಾವಶ್ಯಕ ಏನರೆ ಉಳದದೇನ್ರಿ?"

"ಏನೂ ಇಲ್ಲರೆವಾ," ಎಂದು ಒಗ್ಗರಣೆಯ ಸಪ್ಪಳದ ನಡುವಿನಿಂದ ಮಂದಾಕಿನಿಬಾಯಿಯ ದನಿ ಇಳಿದು ಬಂತು. "ಅತ್ತಿಯವರನ್ನ ಮಳಿ ಬಂದ್ರ ಇಸ್ತಿಯಾಕ ಎತ್ತಿ ಮ್ಯಾಲ ಇಡ್ತಾನ. ಇನ್ನ ಕೆಳಗ ಇವರೊಬ್ಬರ ಇರೂದು."

ಧನಶ್ರೀ ಅದನ್ನು ಹಾಗೆಯೇ ಬರೆದುಕೊಂಡಳು. ದತ್ತೋಪಂತರು ಓದುವ ಚಸ್ಮಾ ಏರಿಸಿ ಆ ವಾಕ್ಯವನ್ನು ತಲೆಕೆಳಗಾಗಿ ಓದಿ, ಹಳೆಯ ಅಭ್ಯಾಸದಂತೆ ಅದರಲ್ಲಿ ತಿದ್ದುವಂಥದ್ದು ಏನಾದರೂ ಇದೆಯೇ ಎಂದು ಹುಡುಕಿದರು. ನಿಯಮಕ್ಕೆ ಪೂರ್ತಿ ಬದ್ಧವಾಗಿತ್ತು.